ನೈಂಟಿಯೊಳಗೆ ಎಷ್ಟು ಗ್ರಾಂ?

(ಕಲಬುರಗಿ ಜಿಲ್ಲೆ ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕುಡಿತದ ವಿರುದ್ಧ ಭಾಷಣ ಈ ಊರಿಗೆ ಹೊಸದಲ್ಲ. ಸ್ವಾಮಿಗಳು ಹೇಳಿದ್ದಾರೆ, ಮಾಸ್ತರರು ಹೇಳಿದ್ದಾರೆ, ಪೊಲೀಸರು ಹೇಳಿದ್ದಾರೆ, ಮನೆಯ ಹೆಣ್ಣುಮಕ್ಕಳಂತೂ ದಿನಾ ಹೇಳುತ್ತಾರೆ. ಅದೇ ಮಾತನ್ನು ಇನ್ನೊಂದು ತಾಸು ಹೇಳಿ ಹೋಗಲು ನಾನು ಬಂದಿಲ್ಲ. ವೈದ್ಯನಾಗಿ ನನಗೆ ಕಂಡಿರುವ ಕೊರತೆ ಬೇರೆ. ಕುಡಿಯುವವರಿಗೆ ತಾವು ಎಷ್ಟು ಕುಡಿಯುತ್ತಿದ್ದೇವೆ ಎಂಬುದೇ ಗೊತ್ತಿಲ್ಲ. "ಎಷ್ಟು ತಗೋತೀರಿ?" ಎಂದು ಕೇಳಿದರೆ "ಭಾಳ ಇಲ್ರೀ, ಒಂದ್ ನೈಂಟಿ ಅಷ್ಟ" ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿ ಮುಖ ಆಚೆ ತಿರುಗಿಸುತ್ತಾಳೆ. ಆಕೆಯನ್ನು ಕೇಳಿದರೆ "ಹಗಲು ರಾತ್ರಿ ಕುಡಿತಾರ್ರೀ" ಎನ್ನುತ್ತಾಳೆ. ಬಹಳ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇಬ್ಬರ ಬಳಿಯೂ ಅಳತೆ ಇಲ್ಲ, ಅಷ್ಟೇ. ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಕಾಟಾದ ಮೇಲೆ ಇಟ್ಟಾಗ ಅರ್ಧ ಕಿಲೋ ಹೆಚ್ಚುಕಡಿಮೆಯಾದರೂ ಬಿಡದ ರೈತ, ತನ್ನ ಮೈಯೊಳಗೆ ದಿನಾ ಇಳಿಯುತ್ತಿರುವ ಮದ್ಯಸಾರದ ತೂಕ ಎಷ್ಟು ಎಂದು ಒಮ್ಮೆಯೂ ಕೇಳಿಲ್ಲ. ಈ ಸಂಜೆ ಆ ತೂಕವನ್ನು ನಿಮ್ಮ ಮುಂದೆ ಹಾಕುತ್ತೇನೆ.

ನನ್ನ ಕೈಯಲ್ಲಿರುವುದು ಒಂದು ಖಾಲಿ ಟೆಟ್ರಾ ಪ್ಯಾಕ್. ಬರುವ ದಾರಿಯಲ್ಲಿ ಜಾಲಿಗಿಡದ ಬುಡದಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಬಂದೆ. ಅಲ್ಲಿ ಇಂಥವು ಇನ್ನೂ ಬಹಳ ಇದ್ದವು, ಜೊತೆಗೆ ಹಲ್ಲಿನಲ್ಲಿ ಕಚ್ಚಿ ಹರಿದ ನೀರಿನ ಪಾಕೀಟು, ಪ್ಲಾಸ್ಟಿಕ್ ಗ್ಲಾಸು. ಕಂಪನಿಯ ಹೆಸರನ್ನು ಒಳಗೆ ಮಡಚಿದ್ದೇನೆ. ಅದು ಯಾವುದಾದರೂ ಲೆಕ್ಕ ಒಂದೇ. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುತ್ತೇನೆ. 90 ಎಂಎಲ್. ಶೇ 42.8. ಅದರ ಪಕ್ಕದಲ್ಲಿ 25 ಡಿಗ್ರಿ ಯು.ಪಿ. ಈ ಕೊನೆಯದನ್ನು ಅರ್ಥ ಮಾಡಿಕೊಂಡು ಕುಡಿಯುವವರನ್ನು ನಾನು ನೋಡಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಮದ್ಯದ ತೀವ್ರತೆ ಪರೀಕ್ಷಿಸಲು ಅದನ್ನು ಬಂದೂಕಿನ ಮದ್ದಿನ ಮೇಲೆ ಸುರಿದು ಬೆಂಕಿ ಹಚ್ಚುತ್ತಿದ್ದರಂತೆ. ತೊಯ್ದ ಮದ್ದು ಹತ್ತಿಕೊಂಡರೆ ಸರಕು ಪಾಸು, ಅದಕ್ಕೆ ಪ್ರೂಫ್ ಎಂದು ಹೆಸರು. ಆಮೇಲೆ ಅದನ್ನು ನೂರಕ್ಕೆ ಸುಮಾರು 57 ಭಾಗ ಮದ್ಯಸಾರ ಎಂದು ಗೊತ್ತುಮಾಡಿದರು. ಯು.ಪಿ. ಎಂದರೆ ಅಂಡರ್ ಪ್ರೂಫ್; ಅದಕ್ಕಿಂತ 25 ಡಿಗ್ರಿ ಕೆಳಗೆ ಎಂದರೆ ಅದರ ಮುಕ್ಕಾಲು ಭಾಗ, 42.8. ಅಷ್ಟು ದೂರದಿಂದ ಬಂದ ಅಂಕಿ ಇವತ್ತಿಗೂ ಜೇವರ್ಗಿ ತಾಲೂಕಿನ ಪಾಕೀಟಿನ ಮೇಲೆ ಕೂತಿದೆ.

ಈಗ ಲೆಕ್ಕ. 90 ಎಂಎಲ್‌ನಲ್ಲಿ ನೂರಕ್ಕೆ 42.8ರಂತೆ ಸುಮಾರು 38.5 ಎಂಎಲ್ ಶುದ್ಧ ಮದ್ಯಸಾರ. ಮದ್ಯಸಾರ ನೀರಿಗಿಂತ ಹಗುರ, ಒಂದು ಎಂಎಲ್ ತೂಗುವುದು 0.79 ಗ್ರಾಂ. ಗುಣಿಸಿದರೆ 30 ಗ್ರಾಂ. ಅಂದರೆ 30 ಎಂಎಲ್‌ನ ಒಂದು ಸಣ್ಣ ಪೆಗ್‌ನಲ್ಲಿ 10 ಗ್ರಾಂ. ವಿಸ್ಕಿ, ಬ್ರಾಂದಿ, ರಮ್, ಜಿನ್ ಯಾವುದಾದರೂ ಹೆಚ್ಚುಕಡಿಮೆ ಇಷ್ಟೇ; ಬಣ್ಣ ಬೇರೆ, ರುಚಿ ಬೇರೆ, ಬೆಲೆ ಬೇರೆ, ಲಿವರ್‌ಗೆ ತಲುಪುವ ಸರಕು ಒಂದೇ. ಇಂಗ್ಲೆಂಡಿನವರು 8 ಗ್ರಾಂಗೆ ಒಂದು ಯೂನಿಟ್ ಎನ್ನುತ್ತಾರೆ. ಅಮೆರಿಕದವರು 14 ಗ್ರಾಂಗೆ ಒಂದು ಡ್ರಿಂಕ್ ಎಂದು ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಗಳು 10 ಗ್ರಾಂ ಇಟ್ಟುಕೊಂಡಿವೆ, ನಮ್ಮ ಸಣ್ಣ ಪೆಗ್‌ಗೆ ಅದೇ ಸರಿಹೊಂದುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ 10 ಗ್ರಾಂಗೆ ಒಂದು ಅಳತೆ ಎಂದು ಹಿಡಿಯೋಣ. ನೈಂಟಿ ಮೂರು ಅಳತೆ. ಅದರ ಎರಡು ಪಟ್ಟಿನ ಕ್ವಾರ್ಟರ್ ಆರು ಅಳತೆ.

ಬಿಯರ್‌ಗೆ ಬರೋಣ, ಯಾಕೆಂದರೆ ಕಾಲೇಜಿನ ಹುಡುಗರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಬಿಯರ್ ಎಂದರೆ ಬಾರ್ಲಿ ನೀರು, ಮೈಗೆ ತಂಪು, ಬೇಸಿಗೆಗೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಬಿಸಿಲಿನ ಜಿಲ್ಲೆಯಲ್ಲಿ ಗಟ್ಟಿಯಾಗಿದೆ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಬಾಟ್ಲಿಯಲ್ಲಿ ಶೇ 8ರವರೆಗೆ ಮದ್ಯಸಾರ ಇರುತ್ತದೆ. ಅಷ್ಟಿದ್ದರೆ 52 ಎಂಎಲ್, ತೂಕದಲ್ಲಿ 41 ಗ್ರಾಂ. ಒಂದು ಸ್ಟ್ರಾಂಗ್ ಬಿಯರ್ ಒಂದು ನೈಂಟಿಗಿಂತ ಹೆಚ್ಚು. ಶೇ 5ರ ಸಾದಾ ಬಿಯರ್ ಆದರೂ ಎರಡೂವರೆ ಅಳತೆ. ತಂಪು ಎಂಬ ಮಾತಂತೂ ಪೂರ್ತಿ ತಪ್ಪು: ಮದ್ಯಸಾರ ಮೂತ್ರ ಹೆಚ್ಚಿಸುತ್ತದೆ, ಮೈಯಲ್ಲಿನ ನೀರು ಹೊರಗೆ ಹೋಗುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಬಿಯರ್ ಕುಡಿದು ಹೊಲಕ್ಕೆ ಹೋಗುವವನು ಉರಿಬಿಸಿಲಿಗೆ ತಾನಾಗಿ ಸಿಕ್ಕಿಬೀಳುತ್ತಾನೆ. ಈಚಲು ಗಿಡದ ಶಿಂದಿ ಬೆಳಿಗ್ಗೆ ಇಳಿಸಿದಾಗ ಸಿಹಿ ರಸ, ತಾಸು ತಾಸಿಗೂ ಹುಳಿಯುತ್ತ ಶೇ 4-5ಕ್ಕೆ ಏರುತ್ತದೆ. ಒಂದು ಲೀಟರ್ ಕುಡಿದರೆ ಅದೂ ಒಂದು ಸ್ಟ್ರಾಂಗ್ ಬಿಯರ್‌ಗೆ ಸಮ. ಅದಕ್ಕೆ ಸಿಎಚ್ ಪೌಡರ್ ಕಲಸಿದ್ದರೆ ನಾನು ಹೇಳುವ ಯಾವ ಅಳತೆಯೂ ಅಲ್ಲಿ ನಡೆಯುವುದಿಲ್ಲ. ಅದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಔಷಧಿ, ಹೆಂಡವೇ ಅಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳು ಆ ಪುಡಿಯಿಂದ ಹಾಳಾಗಿವೆ.

ಕ್ವಾರ್ಟರ್‌ಗೆ ಆರು ಅಳತೆ, 60 ಗ್ರಾಂ ಎಂದೆ. ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನು ವಿಪರೀತ ಕುಡಿತ ಎಂದು ಎಣಿಸುತ್ತದೆ. ಕುಡಿತದ ತೊಂದರೆ ಗುರುತಿಸಲು ಅದು ಸಿದ್ಧಪಡಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೂರನೆಯ ಪ್ರಶ್ನೆ ಇದೇ: ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಅಳತೆ ಎಷ್ಟು ಸಲ ಕುಡಿಯುತ್ತೀರಿ? ತಿಂಗಳಿಗೊಮ್ಮೆಯೋ, ವಾರಕ್ಕೊಮ್ಮೆಯೋ, ದಿನಾಲೋ? ಜಿನೀವಾದಲ್ಲಿ ಕುಳಿತು ಅವರು ವಿಪರೀತಕ್ಕೆ ಎಳೆದ ಗೆರೆ ನಮ್ಮ ವೈನ್ ಶಾಪಿನಲ್ಲಿ ಸಾಮಾನ್ಯ ಗಿರಾಕಿ ಕೇಳಿ ಪಡೆಯುವ ಒಂದು ಬಾಟ್ಲಿ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗಿನಿಂದ "ಒಂದ್ ಕ್ವಾರ್ಟರ್ ಅಷ್ಟ ರೀ" ಎಂಬ ಮಾತು ನನ್ನ ಕಿವಿಗೆ ಮೊದಲಿನಂತೆ ಬೀಳುವುದಿಲ್ಲ.

ಕುಡಿಯುವ ರೀತಿಯನ್ನೂ ನೋಡಿ. ನೈಂಟಿ ಪಾಕೀಟನ್ನು ಒಮ್ಮೆ ಕತ್ತರಿಸಿದರೆ ಮತ್ತೆ ಮುಚ್ಚಲು ಬರುವುದಿಲ್ಲ. ಮೂವತ್ತು ಕುಡಿದು ಅರವತ್ತು ನಾಳೆಗೆ ಇಡುವ ದಾರಿಯೇ ಅದರಲ್ಲಿಲ್ಲ. ಗ್ಲಾಸಿಗೆ ಪೂರ್ತಿ ಸುರುವಿ, ಮೇಲೆ ಅರ್ಧ ನೀರಿನ ಪಾಕೀಟು ಹಿಂಡಿ, ನಿಂತಲ್ಲೇ ಎರಡು ಗುಟುಕಿಗೆ ಮುಗಿಸಿ, ಉಪ್ಪಿನಕಾಯಿ ನೆಕ್ಕಿ ಹೊರಡುತ್ತಾರೆ. ಐದು ನಿಮಿಷದಲ್ಲಿ ಮೂರು ಅಳತೆ, ಅದೂ ಬೆಳಿಗ್ಗೆ ತಿಂದ ರೊಟ್ಟಿ ಕರಗಿಹೋದ ಖಾಲಿ ಹೊಟ್ಟೆಗೆ. ಹೊಟ್ಟೆ ತುಂಬಿದ್ದರೆ ಮದ್ಯಸಾರ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ, ಖಾಲಿ ಇದ್ದರೆ ಒಮ್ಮೆಲೇ ನೆತ್ತಿಗೇರುತ್ತದೆ. ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ 2005ರಲ್ಲಿ ಭಾರತದ ಕುಡಿತದ ಬಗ್ಗೆ ಬರೆದಾಗ ಹೇಳಿದ್ದೂ ಇದನ್ನೇ: ನಮ್ಮಲ್ಲಿ ಬಹುಪಾಲು ಜನ ಕುಡಿಯುವುದೇ ಇಲ್ಲ, ಆದರೆ ಕುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪಾಯದ ಮಟ್ಟದಲ್ಲಿ ಕುಡಿಯುತ್ತಾರೆ. ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂಕಿಯೂ ಹಾಗೇ ಇದೆ. ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ, ಅದರಿಂದ ತೊಂದರೆಗೆ ಸಿಕ್ಕವರು 5.7 ಕೋಟಿ. ಮೂವರಲ್ಲಿ ಒಬ್ಬರು.

ಕುಡಿದದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆ? ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು, ಕಪ್ಪು ಚಹಾ ಯಾವುದಕ್ಕೂ ಇಲ್ಲಿ ಪಾತ್ರವಿಲ್ಲ. ಲಿವರ್ ಮಾತ್ರ ಮದ್ಯಸಾರವನ್ನು ಕರಗಿಸಬಲ್ಲದು, ಅದೂ ತಾಸಿಗೆ ಏಳರಿಂದ ಹತ್ತು ಗ್ರಾಂನಂತೆ ತನ್ನದೇ ನಡೆಯಲ್ಲಿ. ಒಂದು ಅಳತೆಗೆ ಒಂದು ತಾಸಿಗಿಂತ ಹೆಚ್ಚು ಎಂದು ಹಿಡಿಯಿರಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಚಾಲಕನ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಕೂಡದು. 60 ಕಿಲೋ ತೂಕದ ಗಂಡಸು ಒಂದು ಸಣ್ಣ ಪೆಗ್ ಕುಡಿದರೇ ಅಂದಾಜು 25ಕ್ಕೆ ಮುಟ್ಟುತ್ತಾನೆ, ನೈಂಟಿ ಕುಡಿದರೆ 70 ದಾಟುತ್ತಾನೆ. ರಾತ್ರಿ ಹತ್ತು ಗಂಟೆಗೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಐದಕ್ಕೆ ಟಂಟಂ ಹೊರಡಿಸಿದರೆ, ಕಾನೂನಿನ ಕಣ್ಣಿನಲ್ಲಿ ಅವನು ಇನ್ನೂ ಕುಡಿದವನೇ ಆಗಿರಬಹುದು. ಬಾಯಿ ವಾಸನೆ ಹೋಗಿರಬಹುದು, ಕೈ ನೆಟ್ಟಗಿದೆ ಎನಿಸಬಹುದು, ರಕ್ತದಲ್ಲಿ ಇನ್ನೂ ಉಳಿದಿರಬಹುದು. ಜೇವರ್ಗಿ ಮೂಲಕ 50ನೇ ಹೆದ್ದಾರಿ ಹಾಯುತ್ತದೆ, ಚಾಮರಾಜನಗರದವರೆಗಿನ 150ಎ ಹೆದ್ದಾರಿ ಅಲ್ಲಿಂದಲೇ ಶುರುವಾಗುತ್ತದೆ. ನಸುಕಿನಲ್ಲಿ ಕೂಲಿಯವರನ್ನು ಹಿಂದೆ ಮುಂದೆ ತುಂಬಿಕೊಂಡು ಈ ರಸ್ತೆಗೆ ಇಳಿಯುವ ಚಾಲಕ ತಮ್ಮಂದಿರು ಈ ಒಂದು ಲೆಕ್ಕವನ್ನಾದರೂ ಮನೆಗೆ ಒಯ್ಯಬೇಕು.

ಹೆಂಗಸರಿಗೆ ಇದೇ ಪ್ರಮಾಣ ಹೆಚ್ಚು ಏರುತ್ತದೆ, ಮೈಯಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ. ಬಸುರಿಗೆ, ಬಾಣಂತಿಗೆ, ಕೂಸಿಗೆ ಅಳತೆಯ ಮಾತೇ ಇಲ್ಲ. ನೆಗಡಿಗೆಂದು, ಮೈಕೈ ಗಟ್ಟಿಯಾಗಲೆಂದು ಬಾಣಂತಿಗೆ ಬ್ರಾಂದಿ ಕೊಡುವ ಅಜ್ಜಿಯಂದಿರು ದಯವಿಟ್ಟು ಅದನ್ನು ನಿಲ್ಲಿಸಬೇಕು. ಟಿಬಿ ಮಾತ್ರೆ ನುಂಗುತ್ತಿರುವವರಿಗೂ ಹಾಗೇ. ಆ ಔಷಧಿಗಳು ಲಿವರ್ ಮೇಲೆ ಮೊದಲೇ ಭಾರ ಹಾಕಿರುತ್ತವೆ.

ಹಾಗಾದರೆ ಹಿತಮಿತ ಎಂದರೆ ಎಷ್ಟು? ಇಂಗ್ಲೆಂಡಿನ ವೈದ್ಯರು 1987ರಲ್ಲಿ ಗಂಡಸರಿಗೆ ವಾರಕ್ಕೆ 21 ಯೂನಿಟ್, ಹೆಂಗಸರಿಗೆ 14 ಎಂದರು. 2016ರಲ್ಲಿ ಅಲ್ಲಿಯ ಸರ್ಕಾರದ ಮುಖ್ಯ ವೈದ್ಯಾಧಿಕಾರಿಗಳು ಗಂಡಸರ ಮಿತಿಯನ್ನೂ 14ಕ್ಕೆ ಇಳಿಸಿದರು, ಅದನ್ನೂ ಮೂರ್ನಾಲ್ಕು ದಿನಕ್ಕೆ ಹಂಚಿ ಕುಡಿಯಬೇಕು ಎಂದರು. ನಮ್ಮ ಲೆಕ್ಕಕ್ಕೆ ತಂದರೆ ಇಡೀ ವಾರಕ್ಕೆ ಎರಡು ಕ್ವಾರ್ಟರ್ ಕೂಡ ಆಗುವುದಿಲ್ಲ. ಕೆನಡಾ ದೇಶದ ತಜ್ಞರು 2023ರಲ್ಲಿ ಇನ್ನೂ ಕೆಳಗೆ ಬಂದರು. ಅಪಾಯ ಕಡಿಮೆ ಇರಬೇಕೆಂದರೆ ವಾರಕ್ಕೆ ಅವರ ಲೆಕ್ಕದ ಎರಡು ಡ್ರಿಂಕ್, ಸುಮಾರು 27 ಗ್ರಾಂ. ವಾರಕ್ಕೆ ಒಂದು ನೈಂಟಿಯೂ ಆಗಲಿಲ್ಲ. ಅದೇ ವರ್ಷ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಹೇಳಿತು. ಕ್ಯಾನ್ಸರ್ ಕಾರಣವೆಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಮದ್ಯ 1988ರಲ್ಲೇ ಸೇರಿದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ಕರುಳು, ಸ್ತನ ಇವೆಲ್ಲದರ ಕ್ಯಾನ್ಸರ್‌ಗೆ ಮದ್ಯ ಕಾರಣವಾಗುತ್ತದೆ. ಗುಟಕಾ, ತಂಬಾಕು ಜೊತೆಗೆ ಸೇರಿದರೆ ಬಾಯಿ ಗಂಟಲಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ನಮ್ಮ ಕಡೆ ಈ ಎರಡೂ ಚಟ ಒಂದೇ ಜೇಬಿನಲ್ಲಿ ಇರುತ್ತವೆ.

ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ ಎಂದು ಓದಿದವರೇ ನನ್ನನ್ನು ಕೇಳುತ್ತಾರೆ. ಹಳೆಯ ಅಧ್ಯಯನಗಳಲ್ಲಿ ಕುಡಿಯದವರ ಗುಂಪಿನೊಳಗೆ, ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಅದರಿಂದ ಕುಡಿಯದವರೇ ಹೆಚ್ಚು ರೋಗಿಗಳಂತೆ ಕಂಡರು. ವಿಶ್ವ ಹೃದಯ ಒಕ್ಕೂಟ 2022ರಲ್ಲಿ ಮದ್ಯದ ಯಾವ ಪ್ರಮಾಣವೂ ಹೃದಯಕ್ಕೆ ಒಳ್ಳೆಯದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಆರೋಗ್ಯದ ನೆಪದಲ್ಲಿ ಶುರು ಮಾಡಬಾರದು. ಕುಡಿಯುವವರು ಎಣಿಸಿ ಕುಡಿಯಬೇಕು, ಎಣಿಕೆಯನ್ನು ಇಳಿಸುತ್ತ ಹೋಗಬೇಕು, ವಾರದಲ್ಲಿ ಹೆಚ್ಚು ದಿನ ಮುಟ್ಟಬಾರದು. ದಿನಕ್ಕೊಂದೇ ನೈಂಟಿ ಎನ್ನುವವನು ವಾರಕ್ಕೆ 210 ಗ್ರಾಂಗೆ ಬಂದು ನಿಂತಿರುತ್ತಾನೆ. ಇಂಗ್ಲೆಂಡಿನ ಮಿತಿಯೇ 112 ಗ್ರಾಂ. ಅವನನ್ನು ಊರಲ್ಲಿ ಯಾರೂ ಕುಡುಕ ಎನ್ನುವುದಿಲ್ಲ. ಬೀಳುವುದಿಲ್ಲ, ಬೈಯುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ. ಹತ್ತು ಹದಿನೈದು ವರ್ಷದ ಮೇಲೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಬರುವವರಲ್ಲಿ ಇಂಥ ಸಭ್ಯರೂ ಇರುತ್ತಾರೆ. ಮನೆಯವರು "ಕಾಮಣಿ ಆಗ್ಯಾದ್ರಿ, ನಾಟಿ ಔಷಧ ಹಾಕಿಸೀವಿ" ಎಂದು ತಡಮಾಡಿ ಕರೆತರುತ್ತಾರೆ. ಆಗ ಎಣಿಕೆ ಹೇಳಿ ಉಪಯೋಗವಿಲ್ಲ.

ಈ ನೆಲದಲ್ಲಿ ಕುಡಿತದ ಚರಿತ್ರೆ ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ಇದ್ದರು, ಧರ್ಮೇಶ್ವರಲಿಂಗ ಅಂಕಿತದಲ್ಲಿ ವಚನ ಬರೆದರು. ಅವರನ್ನು ಅನುಭವದ ಪಂಕ್ತಿಯಿಂದ ಯಾರೂ ಎಬ್ಬಿಸಲಿಲ್ಲ ಎಂಬುದನ್ನು ನಾನು ಕುಡಿತದ ರೋಗಿಗಳನ್ನು ನೋಡುವಾಗ ನೆನಪಿಸಿಕೊಳ್ಳುತ್ತೇನೆ. ನಿಜಾಮರ ಆಳ್ವಿಕೆಯಲ್ಲಿ ಅಂದೋಲಾ ಒಂದು ತಾಲೂಕಾಗಿತ್ತು, ಅಬಕಾರಿ ಆ ಸರ್ಕಾರದ ದೊಡ್ಡ ವರಮಾನಗಳಲ್ಲೊಂದು. ಸ್ವಾತಂತ್ರ್ಯದ ನಂತರ ಆಚೆಯ ಸಿಂದಗಿ, ಇಂಡಿ ಕಡೆ ಮುಂಬೈ ಪ್ರಾಂತದ 1949ರ ಪಾನನಿಷೇಧ ಕಾಯ್ದೆ ಇದ್ದಾಗ ಈಚೆ ಹೈದರಾಬಾದ್ ರಾಜ್ಯದಲ್ಲಿ ಶಿಂದಿ, ಸರಾಯಿ ನಡೆದೇ ಇದ್ದವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ನಿಂತಿತು. ನಿಂತದ್ದು ಸರಾಯಿ ಪಾಕೀಟು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ನೈಂಟಿ ಬಂದು ಕೂತಿತು. ನಿಷೇಧವೊಂದೇ ಸಾಕು ಎನ್ನುವವರು ಇನ್ನೊಂದನ್ನೂ ನೆನಪಿಡಬೇಕು. 2008ರ ಮೇನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸತ್ತವರು 300ಕ್ಕೂ ಹೆಚ್ಚು. ಕೊಂದದ್ದು ಮೆಥನಾಲ್. ಅದನ್ನು ರುಚಿಯಿಂದ, ವಾಸನೆಯಿಂದ ಕುಡಿಯುವವನು ಗುರುತಿಸಲಾರ.

ಇಲ್ಲಿಯವರೆಗೆ ಹೇಳಿದ ಅಳತೆಯ ಮಾತು ಯಾರಿಗೆ ಹೊಂದುವುದಿಲ್ಲ ಎಂಬುದು ಇನ್ನೂ ಮುಖ್ಯ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಹಾಕಿದ ಮೇಲೆ ನಡುಕ ನಿಲ್ಲುವವರು, ತಲಬು ಬಂದಾಗ ಹೆಂಡತಿಯ ಕಾಲುಂಗುರ ಒತ್ತೆ ಇಟ್ಟವರು, ಬಿಡುತ್ತೇನೆಂದು ಆಣೆ ಮಾಡಿ ಮತ್ತೆ ಮತ್ತೆ ಮುರಿದವರು, ಇವರಿಗೆ "ಸ್ವಲ್ಪ ಕಡಿಮೆ ಮಾಡು" ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಇವರಿಗೆ ಬಂದಿರುವುದು ರೋಗ. ಸಕ್ಕರೆ ಕಾಯಿಲೆಯಷ್ಟೇ ನಿಜವಾದ ರೋಗ, ಮೆದುಳಿನಲ್ಲಿ ಬೇರೂರಿದ್ದು. ಇವರು ಪೂರ್ತಿ ಬಿಡಬೇಕು, ಆದರೆ ಒಬ್ಬರೇ ಬಿಡಬಾರದು.

ಈ ಕೊನೆಯ ಮಾತನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಿಂದ ಜೀವ ಉಳಿಯುತ್ತದೆ. ವರ್ಷಗಟ್ಟಲೆ ದಿನಾ ಕುಡಿದವನು ಜಾತ್ರೆಗೆ, ಹರಕೆಗೆ, ಮಾಲೆ ಹಾಕಲು, ಮಗಳ ಮದುವೆಗೆ ಎಂದು ಒಮ್ಮೆಲೇ ನಿಲ್ಲಿಸಿದಾಗ ಮೊದಲು ಆರೆಂಟು ತಾಸಿನಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಮೂರ್ಛೆ ಬರುತ್ತದೆ, ಮಲರೋಗ ಎಂದು ಚಪ್ಪಲಿ ಮೂಸಿಸುತ್ತಾರೆ. ಎರಡು ಮೂರನೆಯ ದಿನಕ್ಕೆ ಇಲ್ಲದ ಹಾವು, ಇರುವೆ ಕಾಣತೊಡಗುತ್ತವೆ, ಸತ್ತವರ ಜೊತೆ ಮಾತಾಡುತ್ತಾನೆ, ಹಾಸಿಗೆಯ ಮೇಲೆ ಏನನ್ನೋ ಆರಿಸುತ್ತಿರುತ್ತಾನೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಗುಡಿಗೋ ದರ್ಗಾಕ್ಕೋ ಒಯ್ಯುತ್ತಾರೆ. ಅದು ಕುಡಿತ ಒಮ್ಮೆಲೇ ನಿಂತದ್ದರ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಸಾಯುವವರಿದ್ದಾರೆ. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಒಂದು ವಾರದಲ್ಲಿ ಎದ್ದು ಕೂರುತ್ತಾರೆ. ದುಬಾರಿ ಔಷಧಿಯೂ ಬೇಕಿಲ್ಲ: ಮೆದುಳನ್ನು ಶಾಂತ ಮಾಡುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ಇಳಿಸುತ್ತ ಬರಬೇಕು, ಜೊತೆಗೆ ವಿಟಮಿನ್ ಬಿ1. ಅನ್ನ ರೊಟ್ಟಿ ಬಿಟ್ಟು ಬರೀ ಕುಡಿದು ಬದುಕಿದವನ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ. ಅಂಥವನಿಗೆ ಅದನ್ನು ಕೊಡದೆ ಗ್ಲೂಕೋಸ್ ಸಲಾಯಿನ್ ಹಚ್ಚಿದರೆ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಆದ್ದರಿಂದ "ಸುಸ್ತಾಗ್ಯಾನ, ಒಂದು ಸಲಾಯಿನ್ ಹಚ್ರಿ" ಎಂದು ಕೇಳುವಾಗ ಅವನು ಕುಡಿಯುವವನು ಎಂಬುದನ್ನು ಮುಚ್ಚಿಡಬೇಡಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮಾತು ಜೀವಕ್ಕೆ ಎರವಾಗುತ್ತದೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆ ಎಷ್ಟೋ ಮನೆಗಳನ್ನು ಉಳಿಸಿದೆ, ಯಾಕೆಂದರೆ ಹತ್ತು ಜನರ ಮುಂದೆ ಕೊಟ್ಟ ಮಾತಿಗೆ ನಮ್ಮಲ್ಲಿ ತೂಕವಿದೆ. ನನ್ನ ಕೋರಿಕೆ ಇಷ್ಟೇ: ಮಠದಲ್ಲಿ ಮಾತು ಕೊಟ್ಟ ದಿನವೇ ದಿನನಿತ್ಯದ ಕುಡುಕನನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಬೇಕು. ಮೊದಲ ವಾರ ವೈದ್ಯರದು, ಆಮೇಲಿನ ವರ್ಷಗಳು ಮಠದ್ದು, ಮನೆಯವರದ್ದು, ಗೆಳೆಯರದ್ದು.

ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಮಾತ್ರೆ ಬೆರೆಸಿ ಕುಡಿತ ಬಿಡಿಸುತ್ತೇವೆ ಎಂಬ ಜಾಹೀರಾತು ಗೋಡೆಗಳ ಮೇಲೆ ಕಾಣುತ್ತದೆ. ತಾಯಂದಿರು ಕಷ್ಟಪಟ್ಟು ಕೂಡಿಟ್ಟ ರೊಕ್ಕ ಕೊಟ್ಟು ತರುತ್ತಾರೆ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಮೇಲೆ ಕುಡಿದಾಗ ಮೈ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಆ ಔಷಧಿಯನ್ನು ನಾವೂ ಕೊಡುತ್ತೇವೆ, ಆದರೆ ಕುಡಿಯುವವನಿಗೆ ಎಲ್ಲ ತಿಳಿಸಿ, ಹೃದಯ ಮತ್ತು ಲಿವರ್ ಪರೀಕ್ಷಿಸಿ, ಅವನ ಒಪ್ಪಿಗೆ ಪಡೆದು. ಕದ್ದು ಹಾಕಿದರೆ ಅದು ವಿಷ ಹಾಕಿದಂತೆಯೇ.

ಸರ್ಕಾರದ ಬಗ್ಗೆ ಒಂದು ಮಾತು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಲಾಗಿತ್ತು. ಅದರಲ್ಲಿ ಎಷ್ಟು ಭಾಗ ಕುಡಿತದ ಚಿಕಿತ್ಸೆಗೆ ತಾಲೂಕು ಆಸ್ಪತ್ರೆಯವರೆಗೆ ಇಳಿದು ಬರುತ್ತದೆ ಎಂದು ಕೇಳುವ ಹಕ್ಕು ಈ ಸಭೆಗಿದೆ. 2019ರ ಜನವರಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿ ಮದ್ಯ ನಿಷೇಧ ಕೇಳಿದರು. ನಿಷೇಧದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. ಆದರೆ ಅವರ ಬೇಡಿಕೆಗಳ ಹಿಂದಿದ್ದ ಒಂದು ಸಂಗತಿಯಲ್ಲಿ ಎರಡು ಮಾತಿಲ್ಲ: ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ ನಸುಕಿನಿಂದಲೇ ನೈಂಟಿ ಸಿಗುವುದು ಇವತ್ತಿನ ಕಾನೂನಿನಲ್ಲೇ ಅಪರಾಧ. ಅದನ್ನು ನಿಲ್ಲಿಸಲು ಹೊಸ ಕಾಯ್ದೆ ಬೇಕಿಲ್ಲ. ಮಕ್ಕಳು ಸಕ್ಕರೆ, ಚಹಾಪುಡಿ ತರಲು ಹೋಗುವ ಅಂಗಡಿಯಲ್ಲಿ ಶೆರೆ ಮಾರುವುದನ್ನು ಗ್ರಾಮ ಪಂಚಾಯಿತಿ ಸದಸ್ಯರು ಮನಸ್ಸು ಮಾಡಿದರೆ ಒಂದು ತಿಂಗಳಲ್ಲಿ ನಿಲ್ಲಿಸಬಹುದು. ವೇದಿಕೆಯ ಮೇಲೆ, ಕೆಳಗೆ ಸದಸ್ಯರು ಕೂತಿದ್ದೀರಿ, ನಿಮ್ಮನ್ನೇ ಕೇಳುತ್ತಿದ್ದೇನೆ.

ಮನೆಗೆ ಹೋದ ಮೇಲೆ ಮಾಡಬೇಕಾದದ್ದು ದೊಡ್ಡದಲ್ಲ. ಕ್ಯಾಲೆಂಡರಿನಲ್ಲಿ ಕುಡಿದ ದಿನದ ಮೇಲೆ ಎಷ್ಟು ಅಳತೆ ಎಂದು ಬರೆಯಿರಿ. ನೈಂಟಿಗೆ ಮೂರು, ಕ್ವಾರ್ಟರ್‌ಗೆ ಆರು, ಸ್ಟ್ರಾಂಗ್ ಬಿಯರ್‌ಗೆ ನಾಲ್ಕು. ಒಂದು ತಿಂಗಳು ಬರೆದು ಕೂಡಿಸಿ. ಪಕ್ಕದಲ್ಲಿ ರೊಕ್ಕವನ್ನೂ ಬರೆಯಿರಿ. ಬರೆಯುವಾಗ ಹೆಂಡತಿ ಮಕ್ಕಳ ಮುಂದೆ ಬರೆಯಿರಿ, ಯಾಕೆಂದರೆ ಒಬ್ಬರೇ ಬರೆದ ಲೆಕ್ಕ ಎರಡನೆಯ ವಾರಕ್ಕೆ ನಿಲ್ಲುತ್ತದೆ. ಸಂಖ್ಯೆ ನೋಡಿಯೇ ಕಡಿಮೆ ಮಾಡಿದವರನ್ನು ನಾನು ಕಂಡಿದ್ದೇನೆ. ಬರೆಯುತ್ತ ಹೋದಂತೆ ಕಡಿಮೆ ಮಾಡಲು ತನ್ನಿಂದ ಆಗುತ್ತಿಲ್ಲ ಎಂದು ಯಾರಿಗಾದರೂ ಗೊತ್ತಾದರೆ, ಅದೂ ಲಾಭವೇ. ಅಂಥವರು ಮರುದಿನವೇ ಆಸ್ಪತ್ರೆಗೆ ಬರಬೇಕು.

ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ಇದೆ; ಹೊರಡುವ ಮುನ್ನ ಜೇವರ್ಗಿ ಆಸ್ಪತ್ರೆಯಲ್ಲಿ ದಿನ, ವೇಳೆ ಕೇಳಿಕೊಳ್ಳಿ. ಕಲಬುರಗಿಯ ಜಿಮ್ಸ್‌ನಲ್ಲಿ ಮನೋರೋಗ ವಿಭಾಗವಿದೆ. ಹೋಗಲು ನಾಚಿಕೆಯಾದರೆ ಟೆಲಿಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಹತ್ತುವುದಿಲ್ಲ. ವ್ಯಸನಮುಕ್ತಿಗೆಂದೇ ಇರುವ ಇನ್ನೊಂದು ಸಂಖ್ಯೆ 14446. ಈ ಎರಡು ಸಂಖ್ಯೆಗಳನ್ನು ಅಂದೋಲಾದ ಪಂಚಾಯಿತಿ ಗೋಡೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಹಾಲಿನ ಡೇರಿಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿರಿ. ಬಣ್ಣದ ಖರ್ಚು ನಾನು ಕೊಡುತ್ತೇನೆ.